ಹೊರಗಿನಿಂದ ಬೀಗ

೮ ಜೂನ್ ೧೯೮೬, ಭಾನುವಾರ

ಇದು ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಐದು ತಿಂಗಳಿಂದ ಅಕ್ಕಿ ಡಬ್ಬದ ಮೇಲೆ ಮುಚ್ಚಳವಾಗಿ ಬಿದ್ದಿತ್ತು. ಇವತ್ತು ಕೈಗೆತ್ತಿಕೊಂಡಿದ್ದೇನೆ, ಏಕೆಂದರೆ ಮನೆಯಲ್ಲಿ ಮಾತಾಡಲು ದೊಡ್ಡವರು ಯಾರೂ ಉಳಿದಿಲ್ಲ.

ಅತ್ತೆ ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತಿದರು. ಫೆಬ್ರವರಿಯಲ್ಲಿ ನನ್ನ ಹೆಂಡತಿ ಸಲೋಮಿ ಕಾಮಾಲೆಯಾಗಿ ತೀರಿಕೊಂಡಂದಿನಿಂದ ಅವರೇ ನಮ್ಮ ಒಲೆ ಹಚ್ಚುತ್ತಿದ್ದರು. ಮಾವನವರಿಗೆ ಲಕ್ವ ಹೊಡೆದು ಒಂದು ಕೈ ಬಿದ್ದುಹೋಗಿದೆ ಎಂದು ಕಾಗದ ಬಂದ ಮೇಲೆ ಯಾವ ಬಾಯಲ್ಲಿ ಇರಿ ಎನ್ನಲಿ? ಹೊರಡುವಾಗ ನನ್ನ ಮಗ ತಿಮೊಥಿ ಅವರ ಸೆರಗು ಬಿಡಲೊಲ್ಲ. ಒಂದೊಂದೇ ಬೆರಳು ಬಿಡಿಸಬೇಕಾಯಿತು. ಮೂರು ವರ್ಷದವನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಜೆಮಿಮಾ ಅಳಲಿಲ್ಲ. ಅವಳಿಗೆ ಆರು ತುಂಬಿದೆ, ದೊಡ್ಡವಳಂತೆ ಅಜ್ಜಿಯ ಚೀಲ ಹಿಡಿದು ನಿಂತಿದ್ದಳು.

ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಪಾಸ್ಟರು, ಸತ್ಯಮಿತ್ರ ಅಯ್ಯನವರು, ನನ್ನನ್ನು ಪಕ್ಕಕ್ಕೆ ಕರೆದರು. "ಜಯಶೀಲ, ಒಂಟಿ ಗಂಡಸು ಎರಡು ಮಕ್ಕಳನ್ನ ಹೇಗಪ್ಪಾ ನೋಡ್ಕೊಳ್ತೀಯ? ಜೆಮಿಮಾನ ಹೆಣ್ಣುಮಕ್ಕಳ ಬೋರ್ಡಿಂಗಿಗೆ ಹಾಕೋಣ. ತಿಮೊಥಿ ಇನ್ನೂ ಚಿಕ್ಕವನು, ಅಂಥವರಿಗೆ ಬೇರೆ ಊರಲ್ಲಿ ಶಿಶುಮಂದಿರ ಇದೆ. ಆಗಸ್ಟ್ ಮೊದಲ ವಾರದವರೆಗೆ ಇಬ್ಬರಿಗೂ ಜಾಗ ಇಟ್ಟಿರ್ತಾರೆ" ಎಂದರು. ಒಂದು ಊರಲ್ಲಿ ಇವಳು, ಇನ್ನೊಂದು ಊರಲ್ಲಿ ಅವನು.

ನಾನೂ ಬೋರ್ಡಿಂಗಿನಲ್ಲೇ ಬೆಳೆದವನು. ತಟ್ಟೆಯ ಹಿಂದೆ, ಚಡ್ಡಿಯ ಒಳಗೆ, ಟ್ರಂಕಿನ ಮೇಲೆ ನಲವತ್ತೊಂದು ಎಂದು ನನ್ನ ನಂಬರು. ಅಲ್ಲಿಯವರೇನು ಕೆಟ್ಟವರಲ್ಲ, ಹೊಟ್ಟೆಗೆ ಹಾಕಿದರು, ಕೆಲಸ ಕಲಿಸಿದರು. ಆದರೆ ಭಾನುವಾರ ಸಾಯಂಕಾಲ ಮೆಟ್ಟಿಲ ಮೇಲೆ ಕೂತು, ಇವತ್ತು ನನ್ನನ್ನು ನೋಡಲು ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಿದ್ದುದನ್ನು ನಾನು ಮರೆತಿಲ್ಲ. ನನ್ನ ಮಕ್ಕಳು ಹಾಗೆ ಕೂರಬಾರದು. "ನಾನೇ ನೋಡ್ಕೊಳ್ತೀನಿ ಅಯ್ಯನವರೇ" ಎಂದೆ. ಅವರು ತಲೆಯಾಡಿಸಿದರು. ಸರಿ ಎಂದೋ, ಅಯ್ಯೋ ಪಾಪ ಎಂದೋ ತಿಳಿಯಲಿಲ್ಲ.

೧೦ ಜೂನ್, ಮಂಗಳವಾರ

ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ನನ್ನ ಕಣ್ಣು ಹಿಡಿಯುತ್ತದೆ. ಆದರೆ ಎರಡು ಜಡೆ ಸಮ ಹೆಣೆಯಲು ಆಗಲಿಲ್ಲ. "ಅಪ್ಪಾ, ಒಂದು ಕಿವಿ ಮೇಲಿದೆ, ಒಂದು ಕಿವಿ ಹಿಂದಿದೆ" ಎಂದಳು ಜೆಮಿಮಾ. ನಡಿ ನಡಿ ಎಂದೆ.

ಮಕ್ಕಳನ್ನು ನೋಡಿಕೊಳ್ಳುವ ಚಿಂತೆ ಬಗೆಹರಿಯಿತು. ಈ ಬಸವೇಶ್ವರನಗರದ ಮನೆಯ ಹಿಂಭಾಗ ನಮ್ಮ ಬಾಡಿಗೆಯ ಬಿಡಾರ, ಮುಂದೆ ಮನೆಯ ಮಾಲೀಕರು, ಮುನಿರಾಮಯ್ಯ ಮತ್ತು ಇಂದ್ರಮ್ಮ. ಈ ಬಡಾವಣೆಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲವಂತೆ. ಈಗಲೂ ಮೂಡಲಪಾಳ್ಯದ ಕಡೆ ಎರಡು ಹಸು ಕಟ್ಟಿದ್ದಾರೆ. ಇಂದ್ರಮ್ಮನವರು ತಾವಾಗಿ ಬಂದು, "ಕೆಲ್ಸಕ್ಕೆ ಹೋಗಪ್ಪ ನೀನು. ಎಲ್ಡು ಮಕ್ಕಳು ನಂಗೆ ಭಾರವಾ? ದೊಡ್ಡದನ್ನ ಇಸ್ಕೂಲಿಗೆ ಬಿಡ್ತೀನಿ, ತಿಮ್ಮಪ್ಪ ನನ್ ಜೊತೇಲಿ ಇರ್ತಾನೆ" ಎಂದರು. ತಿಮೊಥಿ ಎನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ, ಅವನನ್ನು ತಿಮ್ಮಪ್ಪನನ್ನಾಗಿ ಮಾಡಿದ್ದಾರೆ. ಇವನೂ ಓ ಎನ್ನುತ್ತಾನೆ! ಸಲೋಮಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

೧೯ ಜೂನ್, ಗುರುವಾರ



ನಾಲ್ಕೂವರೆಗೆ ಸೈಕಲ್ ಇಳಿಯುತ್ತೇನೆ, ತಿಮೊಥಿ ಜಗುಲಿಯ ಮೇಲೆ ಕೂತಿದ್ದಾನೆ. ಹಣೆಯ ತುಂಬ ಬೂದಿ, ತೋಳಿಗೆ ಕರಿದಾರ, ದಾರದಲ್ಲಿ ತಾಯಿತ. ಏನಿದು ಎಂದೆ. "ಮಗ ನಿದ್ದೇಲಿ ಬೆಚ್ಚಿ ಬೆಚ್ಚಿ ಬೀಳ್ತೈತೆ ಕಣಪ್ಪ, ಅಮ್ಮಾ ಅಂತ ಕೂಗ್ತದೆ. ಅದ್ಕೇ ಗುಡಿ ಪೂಜಾರಪ್ಪನ ಕೈಲಿ ಮಂತ್ರಿಸ್ಕೊಂಡು ಬಂದೆ" ಎಂದಳು ಇಂದ್ರಮ್ಮ, ಏನೋ ಉಪಕಾರ ಮಾಡಿದವಳ ಹಾಗೆ.

ನಾವು ಮೂರು ತಲೆಮಾರಿನಿಂದ ಸಭೆಯವರು. ದೀಕ್ಷಾಸ್ನಾನವಾದ ಮಗುವಿನ ಮೈಮೇಲೆ ತಾಯಿತ! ಒಳಗೆ ಹೋಗಿ ಗಡ್ಡದ ಬ್ಲೇಡು ತಂದು ದಾರ ಕತ್ತರಿಸಿದೆ. ಅವಸರದಲ್ಲಿ ಮಗುವಿನ ತೋಳಿಗೂ ಸ್ವಲ್ಪ ತಾಗಿತು, ಅವನು ಚೀರಿದ. "ನಿಮ್ಮ ದೆವ್ವ ಪಿಶಾಚಿಗಳನ್ನೆಲ್ಲ ನನ್ನ ಮಗನ ಮೈಗೆ ಕಟ್ಟಬೇಡಿ. ಇನ್ನು ಮೇಲೆ ನನ್ನ ಮಕ್ಕಳನ್ನ ಮುಟ್ಟಬೇಡಿ" ಎಂದೆ. ಬೀದಿಗೆಲ್ಲ ಕೇಳಿಸಿರಬೇಕು. ಅವಳು ಬಿದ್ದಿದ್ದ ದಾರ ಎತ್ತಿಕೊಂಡು ಒಳಗೆ ಹೋದಳು.

ಮುಟ್ಟಬೇಡಿ ಎನ್ನುವುದು ಊರಿನವರು ನಮ್ಮ ತಾತನಿಗೆ ಹೇಳುತ್ತಿದ್ದ ಮಾತು. ಅದು ನನ್ನ ಬಾಯಲ್ಲಿ ಹೇಗೆ ಬಂತು? ಇರಲಿ. ನಾನು ಮಾಡಿದ್ದು ಸರಿ. ತಪ್ಪು ಅವಳದೇ.

೨೦ ಜೂನ್, ಶುಕ್ರವಾರ

ರಜೆ ಹಾಕಿದೆ. ಸಭೆಯ ಎರಡು ಮನೆಗಳಿಗೆ ಮಕ್ಕಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋದೆ. ಒಂದು ಮನೆಯಲ್ಲಿ ಹೆರಿಗೆಗೆ ಬಂದ ಮಗಳಿದ್ದಾಳೆ. ಇನ್ನೊಂದು ಮನೆಯಲ್ಲಿ ಕಾಫಿ ಕೊಟ್ಟು, "ಬೋರ್ಡಿಂಗ್ ಒಳ್ಳೇದಲ್ವಾ ಬ್ರದರ್?" ಎಂದರು. ಮೂರನೆಯ ಮನೆಗೆ ಹೋಗಲಿಲ್ಲ. ಹೋದರೆ ಭಾನುವಾರದೊಳಗೆ ಅಯ್ಯನವರ ಕಿವಿಗೆ ಬೀಳುತ್ತದೆ.

ಮಧ್ಯಾಹ್ನ ಫ್ಯಾಕ್ಟರಿಗೆ ಹೋಗಿ ಇನ್ನಷ್ಟು ರಜೆ ಕೊಡಿ ಎಂದು ಸೂಪರ್‌ವೈಸರ್ ಬಸವಲಿಂಗಪ್ಪನವರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. "ಸಲೋಮಮ್ಮ ಆಸ್ಪತ್ರೇಲಿ ಇದ್ದಾಗಲೇ ನಿನ್ನ ರಜಾ ಎಲ್ಲ ಮುಗೀತು ಕಣಯ್ಯ. ಸೋಮವಾರ ಬರ್ಲಿಲ್ಲ ಅಂದ್ರೆ ಮೆಮೊ. ಆಮೇಲೆ ನನ್ನನ್ನ ಕೇಳಬೇಡ" ಎಂದರು. ಕೆಲಸ ಹೋದರೆ ಬೋರ್ಡಿಂಗ್ ಗ್ಯಾರಂಟಿ. ಮಕ್ಕಳನ್ನು ನೋಡಿಕೊಳ್ಳುವವರು ಸಿಗದಿದ್ದರೂ ಬೋರ್ಡಿಂಗ್ ಗ್ಯಾರಂಟಿ. ಎತ್ತ ತಿರುಗಿದರೂ ಅದೇ ಬಾಗಿಲು.

೨೩ ಜೂನ್, ಸೋಮವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಇಲ್ಲಿ ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಇಬ್ಬರಿಗೂ ಉಪ್ಪಿಟ್ಟು ಕೊಟ್ಟು, ಮಧ್ಯಾಹ್ನದ ಅನ್ನ ಸಾರು ತಟ್ಟೆಗೆ ಹಾಕಿ ಮುಚ್ಚಿ, ಸ್ಟೋವನ್ನೂ ಸೀಮೆಎಣ್ಣೆ ಡಬ್ಬವನ್ನೂ ಬೆಂಕಿಪೊಟ್ಟಣವನ್ನೂ ಅಟ್ಟದ ಮೇಲಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ಕಕ್ಕಸು, ಬಚ್ಚಲು ಒಳಗೇ ಇವೆ, ಪುಣ್ಯ. ನಮ್ಮ ಬಾಗಿಲು ಪಕ್ಕದ ಓಣಿಗೆ ಇದೆ, ಮುಂದಿನ ಮನೆಯವರಿಗೆ ಕಾಣುವುದಿಲ್ಲ. ಮಕ್ಕಳನ್ನು ರಾಜಾಜಿನಗರದಲ್ಲಿ ನಮ್ಮ ಸಭೆಯವರ ಮನೆಗೆ ಬಿಟ್ಟುಹೋಗುತ್ತೇನೆ ಎಂದು ಮುನಿರಾಮಯ್ಯನವರಿಗೆ ಹೇಳಿದ್ದೇನೆ.

ಜೆಮಿಮಾಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ, "ಗಲಾಟೆ ಮಾಡಬಾರದು. ಯಾರು ಕರೆದರೂ ಓ ಅನ್ನಬಾರದು. ತಮ್ಮನ್ನ ನೋಡ್ಕೋ. ಯಾರಾದ್ರೂ ಕೇಳಿದ್ರೆ ಸ್ಕೂಲಿಗೆ ರಜಾ ಅನ್ನು."

"ರಜಾ ಇಲ್ವಲ್ಲಪ್ಪಾ."

"ನಿನಗೆ ರಜಾ."

"ಎಷ್ಟು ದಿನ?"

ಒಂದು ವಾರ ಎಂದೆ. ಅಷ್ಟರಲ್ಲಿ ಏನಾದರೂ ದಾರಿಯಾಗುತ್ತದೆ. ಸಾಯಂಕಾಲ ಬೀಗ ತೆಗೆದಾಗ ಇಬ್ಬರೂ ಗೋಡೆಗೆ ಒರಗಿ ಕೂತಿದ್ದರು, ನೆಂಟರ ಮನೆಗೆ ಬಂದವರ ಹಾಗೆ. ಅನ್ನ ಹಾಗೆಯೇ ಇತ್ತು.

೨ ಜುಲೈ, ಬುಧವಾರ

ಹತ್ತು ದಿನವಾಯಿತು. ಏನೂ ಆಗಿಲ್ಲ. ಹೆದರಿದ್ದೇ ಹೆಚ್ಚು.

ದೀಪ ಹಚ್ಚಿದ ಮೇಲೆ ಕುಟುಂಬ ಪ್ರಾರ್ಥನೆ ತಪ್ಪಿಸಿಲ್ಲ. ಬೈಬಲಿನ ಒಂದು ಕೀರ್ತನೆ ಓದುವುದು, ಒಂದು ಹಾಡು, ಆಮೇಲೆ ದೊಡ್ಡವರಿಂದ ಚಿಕ್ಕವರವರೆಗೆ ಒಬ್ಬೊಬ್ಬರ ಪ್ರಾರ್ಥನೆ. ಮಕ್ಕಳಿಗೆ ಸಲೋಮಿ ಕಲಿಸಿದ್ದು ಒಂದೇ ಪಾಠ: ಮನುಷ್ಯರ ಹತ್ತಿರ ಏನು ಬೇಕಾದರೂ ಮುಚ್ಚಿಡು, ಪ್ರಾರ್ಥನೆಗೆ ಕಣ್ಣು ಮುಚ್ಚಿದ ಮೇಲೆ ಮುಚ್ಚಿಡಬೇಡ. ಅದರ ಫಲ ಇವತ್ತು ಉಂಡೆ.

"ಯೇಸಪ್ಪಾ, ಭಾನುವಾರ ಸಂಡೇ ಸ್ಕೂಲ್ ಆಂಟಿ ಕೇಳಿದಾಗ ನಮ್ಮ ಸ್ಕೂಲಿಗೆ ರಜಾ ಅಂದೆ. ಸುಳ್ಳು ಹೇಳಿದೆ. ಅಪ್ಪ ಹಾಗೆ ಹೇಳು ಅಂದಿದ್ರು. ನನ್ನನ್ನೂ ಅಪ್ಪನ್ನೂ ಕ್ಷಮಿಸು" ಎಂದಳು ಜೆಮಿಮಾ. ನಾನು ಕಣ್ಣು ಬಿಟ್ಟು ನೋಡಿದೆ. ಕೈ ಜೋಡಿಸಿ, ಹುಬ್ಬು ಗಂಟು ಹಾಕಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ನಿಂತಿದ್ದಳು. ನಗು ಬಂತು. ಆಮೇಲೆ ಬರಲಿಲ್ಲ.

೯ ಜುಲೈ, ಬುಧವಾರ

ತಿಮೊಥಿ ರಾಗಿ ಗಂಜಿಯ ಪಾತ್ರೆ ಉರುಳಿಸಿದ. ಸೌಟಿನ ಹಿಡಿಯಿಂದ ಹೊಡೆದೆ. ಒಂದಲ್ಲ. ಅಮ್ಮ ಬೇಕು ಎಂದ, ಮತ್ತೆ ಹೊಡೆದೆ. ಜೆಮಿಮಾ ಮಧ್ಯೆ ಬಂದು ನಿಂತಳು. ನನಗೆ ಸಾಯಬೇಕು ಎನ್ನಿಸಿತು.

ಪ್ರಾರ್ಥನೆಯನ್ನು ಈಗ ನಾನೊಬ್ಬನೇ ಮಾಡುತ್ತೇನೆ. ಮಕ್ಕಳಿಗೆ ನಿದ್ದೆ ಬರುತ್ತದೆ, ಚಿಕ್ಕದಾಗಿ ಮುಗಿಸುವುದು ಒಳ್ಳೆಯದು. ಜೆಮಿಮಾ ಕೇಳಿದಳು, "ನಾನು ಯಾವಾಗ ಮಾಡ್ಲಿ?" ನಾಳೆ ಎಂದೆ. ನಿನ್ನೆಯೂ ನಾಳೆ ಎಂದಿದ್ದೆ.

೧೭ ಜುಲೈ, ಗುರುವಾರ

ಮಗಳು ಗಟ್ಟಿಗಿತ್ತಿ, ಒಪ್ಪಿಕೊಳ್ಳಬೇಕು. ತಿಮೊಥಿ ಈಗ ಬಾಗಿಲು ತೆಗೆದರೆ ಅಳುವುದಿಲ್ಲ. ಮುಖ ತೊಳೆದಿರುತ್ತದೆ. ಉಗುರು ಕೂಡ ಕತ್ತರಿಸಿದ್ದಾಳೆ. ಬ್ಲೇಡು ಮುಟ್ಟಿದೆಯಾ ಎಂದು ಗದರಿದರೆ ಬಾಯಿ ಬಿಡಲಿಲ್ಲ, ನೆಲ ನೋಡುತ್ತ ನಿಂತಳು. ಮೊಂಡು ಮಾತ್ರ ಅವರಮ್ಮನದೇ. ಸ್ಲೇಟಿನ ಮೇಲೆ ಕಾಗುಣಿತ ಬರೆದಿದ್ದಾಳೆ, ಕ ಕಾ ಕಿ ಕೀ, ಮ ಸಾಲಿನವರೆಗೆ. ಸ್ಕೂಲಿಗೆ ಹೋಗದೆಯೇ ಇಷ್ಟು ಕಲಿತಿದ್ದಾಳೆ ಎಂದರೆ, ಹೋಗಿ ಕಲಿಯಬೇಕಾದ್ದೇನು ಅಲ್ಲಿ? ಮಧ್ಯಾಹ್ನದ ಅನ್ನ ಮಾತ್ರ ದಿನಾ ಅರ್ಧ ಉಳಿದಿರುತ್ತದೆ. ಆದರೂ ತಿಮೊಥಿಯ ಕೆನ್ನೆ ತುಂಬಿಕೊಂಡಿದೆ. ದೇವರು ದೊಡ್ಡವನು.

ಒಂದು ವಾರ ಎಂದದ್ದು ನಾಲ್ಕು ವಾರವಾಯಿತು. ಅವಳು ಕೇಳುವುದನ್ನು ಬಿಟ್ಟಿದ್ದಾಳೆ.

೨೨ ಜುಲೈ, ಮಂಗಳವಾರ

ಹತ್ತು ಗಂಟೆಯ ಹೊತ್ತಿಗೆ ಲೇತ್ ಮುಂದೆ ನಿಂತಿದ್ದವನಿಗೆ ಏಕೋ ಅಟ್ಟದ ಮೇಲಿನ ಸೀಮೆಎಣ್ಣೆ ಡಬ್ಬ ನೆನಪಾಯಿತು. ಕುರ್ಚಿ ಹಾಕಿ ಹತ್ತಿದರೆ? ಬೆಂಕಿ ಬಿದ್ದರೆ? ಬೀಗದ ಕೈ ನನ್ನ ಜೇಬಿನಲ್ಲಿ. ಕೈ ಜಾರಿ ಟೂಲಿಗೆ ತಾಗಿ ಹೆಬ್ಬೆರಳು ಸೀಳಿತು. ಊಟದ ಗಂಟೆ ಹೊಡೆಯುತ್ತಲೇ ಸೈಕಲ್ ತುಳಿದೆ.

ಓಣಿಗೆ ತಿರುಗಿದರೆ ಆ ಹೆಂಗಸು, ಇಂದ್ರಮ್ಮ! ನಮ್ಮ ಕಿಟಕಿಯ ಕೆಳಗೆ ಕಲ್ಲು ಹಾಕಿಕೊಂಡು, ಮೊರದಲ್ಲಿ ಸೊಪ್ಪು ಸೋಸುತ್ತ ಕೂತಿದ್ದಾಳೆ. ಮನೆಯ ಮುಂದೆ ಅಷ್ಟು ದೊಡ್ಡ ಜಗುಲಿ ಇರುವಾಗ ಇಲ್ಲೇಕೆ? ಕಿವಿ ಕಿಟಕಿಗೆ ಕೊಟ್ಟಿದ್ದಾಳೆ. ಅಂದರೆ ಗೊತ್ತಾಗಿದೆ. ಅವತ್ತಿನ ಸೇಡು ಇದು. ಅಯ್ಯನವರಿಗೋ ಪೋಲೀಸಿಗೋ ಹೇಳಿ ನನ್ನ ಮಕ್ಕಳನ್ನು ಕಿತ್ತುಕೊಳ್ಳುವವರೆಗೆ ಬಿಡುವುದಿಲ್ಲ. ಎದುರಿಗೆ ಹೋಗಿ ಕೇಳುವ ಧೈರ್ಯವಾಗಲಿಲ್ಲ, ಕೇಳಿದರೆ ನಾನೇ ಒಪ್ಪಿಕೊಂಡಂತೆ. ಒಳಗಿನಿಂದ ತಿಮೊಥಿ ನಗುವುದು ಕೇಳಿಸಿತು. ಜೀವಂತ ಇದ್ದಾರೆ, ಸಾಕು ಎಂದು ಬಂದ ದಾರಿಯಲ್ಲೇ ತಿರುಗಿ ಹೋದೆ.

೨೩ ಜುಲೈ, ಬುಧವಾರ

ಫ್ಯಾಕ್ಟರಿಯಿಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತಂದು ಓಣಿಯ ಕಿಟಕಿಗೆ ಒಳಗಿನಿಂದ ಹೊಡೆದೆ. ಎಂಟು ಮೊಳೆ. ಜೆಮಿಮಾ ಮೊದಲ ಸಲ ನನ್ನ ಕೈ ಹಿಡಿದಳು. "ಬೇಡಪ್ಪಾ, ಅದೊಂದು ಬೇಡ, ಅಪ್ಪಾ" ಎಂದಳು. ಹಿಂದಿನ ಗವಾಕ್ಷಿಯಿಂದ ಬೆಳಕು ಬರುತ್ತದೆ, ಏನಾಗಿದೆ ಎಂದೆ. ಅವಳು ಅತ್ತಳು. ಅಮ್ಮನನ್ನು ಮಣ್ಣು ಮಾಡಿದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಎಲ್ಲ ಇವರಿಗಾಗಿಯೇ ಮಾಡುತ್ತಿದ್ದೇನೆ. ಅದು ಇವರಿಗೆ ತಿಳಿಯುವುದಿಲ್ಲ.

೨೬ ಜುಲೈ, ಶನಿವಾರ

ತಿಮೊಥಿಗೆ ಜ್ವರ. ಏನೂ ತಿನ್ನುವುದಿಲ್ಲ. ಒಳಗೆ ಗಾಳಿಯಾಡುವುದಿಲ್ಲ. ನಾಳೆ ಆರಾಧನೆಗೆ ಹೋಗುವುದು ಬೇಡ.

೨೮ ಜುಲೈ, ಸೋಮವಾರ, ಬೆಳಿಗ್ಗೆ

ಜ್ವರ ಸ್ವಲ್ಪ ಇಳಿದಂತಿದೆ. ಇವತ್ತು ಹೋಗದಿದ್ದರೆ ಮೆಮೊ ಖಂಡಿತ. ಅರ್ಧ ಮಾತ್ರೆ ಕಾಗದದಲ್ಲಿ ಸುತ್ತಿ ಜೆಮಿಮಾ ಕೈಗೆ ಕೊಟ್ಟಿದ್ದೇನೆ, ಹನ್ನೆರಡು ಗಂಟೆಯ ಸೈರನ್ ಕೇಳಿದಾಗ ಕೊಡು ಎಂದು. ದೇವರೇ, ಇದೊಂದು ದಿನ.

೨೯ ಜುಲೈ, ಮಂಗಳವಾರ

ಬದುಕಿದ್ದಾನೆ. ಮೊದಲು ಅದನ್ನು ಬರೆಯುತ್ತೇನೆ.

ನಿನ್ನೆ ಮನೆಗೆ ಬಂದರೆ ಬಾಗಿಲು ಹಾರುಹೊಡೆದಿತ್ತು. ಬೀಗ ಚಿಲಕದ ಸಮೇತ ಕಿತ್ತು ನೆಲದ ಮೇಲೆ, ಪಕ್ಕದಲ್ಲಿ ಹಾರೆ. ಒಳಗೆ ಯಾರೂ ಇಲ್ಲ. ಕಕ್ಕಸಿನಲ್ಲಿ ನೋಡಿದೆ, ಮಂಚದ ಕೆಳಗೆ ನೋಡಿದೆ, ಅಕ್ಕಿ ಡಬ್ಬದ ಹಿಂದೆ ಕೂಡ ನೋಡಿದೆ, ಬುದ್ಧಿ ಎಲ್ಲಿತ್ತೋ. ಮುಂದಿನ ಮನೆಯಿಂದ ಮುನಿರಾಮಯ್ಯನವರು ಬಂದು, "ದವಾಖಾನೆಗೆ ನಡಿಯಯ್ಯ" ಎಂದರು. ಮುಂದೆ ಮುಂದೆ ನಡೆದರು.

ಮೂರನೆಯ ಕ್ರಾಸಿನ ಚಿಕ್ಕ ಕ್ಲಿನಿಕ್ಕು. ತಿಮೊಥಿ ಮಲಗಿದ್ದ, ಹಣೆಯ ಮೇಲೆ ಒದ್ದೆ ಬಟ್ಟೆ. ಪಕ್ಕದಲ್ಲಿ ಇಂದ್ರಮ್ಮನವರು, ಅವರ ಮಡಿಲಲ್ಲಿ ಜೆಮಿಮಾ. ಡಾಕ್ಟರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದರು, "ಜ್ವರ ಏರಿ ಫಿಟ್ಸ್ ಬಂದಿದೆ. ಈಗ ಭಯ ಇಲ್ಲ. ಆದ್ರೆ ಆ ಮುಚ್ಚಿದ ರೂಮಲ್ಲಿ ಇನ್ನರ್ಧ ಗಂಟೆ ಬಿಟ್ಟಿದ್ರೆ ನಾನು ಏನೂ ಹೇಳಕ್ಕಾಗ್ತಿರ್ಲಿಲ್ಲ. ತಂದೇನಾ ನೀವು?" ಹೌದು ಎನ್ನಲು ನಾಚಿಕೆಯಾಯಿತು.

"ದೊಡ್ಡದು ಕಿರುಚಿದ್ದು ಕೇಳುಸ್ತು, ಬೀಗ ಒಡೆದ್ವಿ. ಚಿಲಕ ಹಾಕಿಸ್ಕೊಡ್ತಾರೆ ಯಜಮಾನ್ರು" ಎಂದರು ಇಂದ್ರಮ್ಮನವರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಸೋತೆ. ಅಯ್ಯನವರಿಗೆ ಕಾಗದ ಬರೆದು ಕಳಿಸಿದ್ದೇನೆ. ಇಬ್ಬರನ್ನೂ ಕರೆದುಕೊಂಡು ಹೋಗಲಿ. ನನ್ನ ಹತ್ತಿರ ಇರುವುದಕ್ಕಿಂತ ನಂಬರಿನ ತಟ್ಟೆ ವಾಸಿ.

೩ ಆಗಸ್ಟ್, ಭಾನುವಾರ

ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಅಯ್ಯನವರು ಮೂರು ಗಂಟೆಗೆ ಬಂದರು, ಎರಡು ಫಾರಂ ತಂದಿದ್ದರು. ತಿಮೊಥಿ ಇಂದ್ರಮ್ಮನವರ ತೊಡೆಯ ಮೇಲೆ ಮಲಗಿದ್ದ. ಕ್ಲಿನಿಕ್ಕಿನಿಂದ ಬಂದಮೇಲೆ ಅವನು ಬೇರೆ ಯಾರ ಹತ್ತಿರವೂ ಔಷಧ ಕುಡಿಯುವುದಿಲ್ಲ, ಹಾಗಾಗಿ ಅವರೇ ದಿನಕ್ಕೆ ಮೂರು ಸಲ ಬರುತ್ತಾರೆ. ಅಯ್ಯನವರನ್ನು ಕಂಡು ಎದ್ದು ಹೋಗಲು ನೋಡಿದರು, ಮಗು ಬಿಡಲಿಲ್ಲ.

ನಾನು ಪೆನ್ನು ತೆಗೆದೆ. ಅಯ್ಯನವರು ತಡೆದರು. ನಮ್ಮಲ್ಲಿ ಪ್ರಾರ್ಥನೆ ಇಲ್ಲದೆ ಯಾವ ಕಾಗದಕ್ಕೂ ರುಜು ಹಾಕುವುದಿಲ್ಲ. "ಜೆಮಿಮಾ ಪ್ರಾರ್ಥನೆ ಮಾಡಲಿ. ಮಕ್ಕಳ ಮಾತು ದೇವರು ಬೇಗ ಕೇಳ್ತಾನೆ" ಎಂದರು. ಬೀಗದ ವಿಷಯ ಅವರಿಗೆ ನಾನಿನ್ನೂ ಹೇಳಿರಲಿಲ್ಲ. ಮಗುವಿಗೆ ಹುಷಾರಿಲ್ಲ, ನನ್ನ ಕೈಲಾಗುವುದಿಲ್ಲ ಎಂದಷ್ಟೇ ಬರೆದಿದ್ದೆ. ಆದರೆ ಅಯ್ಯನವರ ಎದುರಿಗೆ ನಾಳೆ ಮಾಡು ಎನ್ನಲು ಆಗುತ್ತದೆಯೇ?

ಅವಳು ಕೈ ಜೋಡಿಸಿ ಕಣ್ಣು ಮುಚ್ಚಿದಳು.

"ಯೇಸಪ್ಪಾ, ನಾನು ಪ್ರಾರ್ಥನೆ ಮಾಡಿ ತುಂಬಾ ದಿನ ಆಯ್ತು. ಅಪ್ಪಂಗೆ ಒಂದು ವಿಷ್ಯ ಹೇಳಿಲ್ಲ, ಕ್ಷಮಿಸು. ಅಪ್ಪ ಬೀಗ ಹಾಕ್ಕೊಂಡು ಹೋದ್ಮೇಲೆ ಇಂದ್ರಜ್ಜಿ ದಿನಾ ಬಂದು ಕಿಟಕಿ ಹತ್ರ ಕೂತ್ಕೊಳ್ತಿದ್ರು. ಸಾಯಂಕಾಲ ಅಪ್ಪ ಬರೋವರೆಗೂ ಕೂತ್ಕೊಳ್ತಿದ್ರು. ಮಳೆ ಬಂದ್ರೆ ಗೋಣಿಚೀಲ ಹೊದ್ಕೊಂಡು ಕೂತ್ಕೊಳ್ತಿದ್ರು. ತಿಮ್ಮೂಗೆ ಕಂಬಿ ಸಂದಿಯಿಂದ ತುತ್ತು ಕೊಡ್ತಿದ್ರು, ಉಗುರು ತೆಗೀತಿದ್ರು. ನನ್ನ ಕ್ಲಾಸಿನ ಜಲಜಾ ಹತ್ರ ಪುಸ್ತಕ ಇಸ್ಕೊಂಡು ಬಂದು ತೋರಿಸ್ತಿದ್ರು. ಅಜ್ಜಿಗೆ ಓದಕ್ಕೆ ಬರಲ್ಲ, ಉಲ್ಟಾ ಹಿಡ್ಕೊಂಡಿರ್ತಿದ್ರು, ನಾವು ನಗ್ತಿದ್ವಿ. ಅಪ್ಪ ಹಲಗೆ ಹೊಡೆದ ಮೇಲೆ ಅಜ್ಜಿ ಕಾಣ್ತಿರ್ಲಿಲ್ಲ. ಆದ್ರೆ ಹೊರಗಿಂದ ಕೆಮ್ಮುತಾ ಇರ್ತಿದ್ರು. ಆಗ ಇದಾರೆ ಅಂತ ಗೊತ್ತಾಗ್ತಿತ್ತು."

ಉಸಿರು ಎಳೆದುಕೊಂಡಳು. ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

"ಯೇಸಪ್ಪಾ, ನನ್ನನ್ನ ಬೋರ್ಡಿಂಗಿಗೆ ಕಳಿಸಿದ್ರೆ ಪರವಾಗಿಲ್ಲ, ಅಲ್ಲಿ ಸ್ಕೂಲಿದೆಯಂತೆ. ತಿಮ್ಮೂನ ಕಳಿಸ್ಬೇಡ. ಇಬ್ರೂ ಹೋದ್ರೆ ಅಪ್ಪ ಒಬ್ರೇ ಆಗ್ತಾರೆ. ಅಪ್ಪಂಗೆ ಒಬ್ರೇ ಇರಕ್ಕೆ ಭಯ. ಅದಕ್ಕೇ ನಮಗೆ ಬೀಗ ಹಾಕ್ತಾರೆ. ಯೇಸುವಿನ ನಾಮದಲ್ಲಿ ಬೇಡ್ತೀನಿ ತಂದೆಯೇ, ಆಮೆನ್."

ಅಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಗಂಡಸು, ಮೂವತ್ತಾರು ವರ್ಷದವನು, ಮನೆಯ ಯಜಮಾನಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಮಕ್ಕಳಿಗಾಗಿ ಎಂದು ಈ ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ. ಆರು ವರ್ಷದ ಹುಡುಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

"ನನ್ನ ಯಾಕೆ ಕೇಳ್ಲಿಲ್ಲಮ್ಮ ನೀವು? ಒಂದು ಸಲ ಬೈಯಬಹುದಿತ್ತಲ್ಲ" ಎಂದೆ.

"ಕೇಳಿದ್ರೆ ನೀನು ಮಾರನೇ ದಿನವೇ ಮನೆ ಖಾಲಿ ಮಾಡಿರ್ತಿದ್ದೆ. ಮಕ್ಕಳನ್ನ ಇನ್ಯಾವ ಕೇರೀಲಿ ಕೂಡಾಕ್ತಿದ್ಯೋ. ಇಲ್ಲಾದ್ರೆ ಕಿಟಕಿನಾರ ಐತೆ ಅಂತ ಸುಮ್ಕಿದ್ದೆ. ನಮ್ ಯಜಮಾನ್ರು ಎಷ್ಟು ಸಲ ಹಾರೆ ಎತ್ಕೊಂಡ್ರು ಗೊತ್ತಾ? ನಾನೇ ತಡೆದೆ. ತಡೀಬಾರದಾಗಿತ್ತು" ಎಂದರು. ಅವರ ಕಣ್ಣಲ್ಲೂ ನೀರಿತ್ತು.

ಅಯ್ಯನವರಿಗೆ ಎಲ್ಲ ಹೇಳಿದೆ, ದಾರ ಕತ್ತರಿಸಿದ್ದು, ಆಡಿದ ಮಾತು, ಸೌಟು, ಹಲಗೆ. ಅವರು, "ಹೀಗೆಲ್ಲ ಮಾಡಿದವನ ಹತ್ರ ಮಕ್ಕಳನ್ನ ಹೇಗೆ ಬಿಟ್ಟು ಹೋಗಲಿ ಜಯಶೀಲ? ನೀನೇ ಹೇಳು" ಎಂದರು. ಕೇಳಬೇಕಾದವರನ್ನು ಕೇಳಿದೆ. "ಇಂದ್ರಮ್ಮನವರೇ, ನನ್ನ ಮಕ್ಕಳನ್ನ ನೋಡ್ಕೊಳ್ತೀರಾ? ಕೇಳೋ ಯೋಗ್ಯತೆ ನನಗಿಲ್ಲ."

"ನಿಮ್ ದೇವ್ರಿಗೆ ಏನೇನು ಆಗಲ್ಲ ಅಂತ ಮೊದ್ಲೇ ಹೇಳ್ಬಿಡು. ನಂಗೆ ತಿಳೀದು, ತಿಳಿದ್ರೆ ಮಾಡಕಿಲ್ಲ. ಆದ್ರೆ ಇನ್ನೊಂದ್ ದಿನ ಕೂಸುಗಳನ್ನ ಕೂಡಾಕಿದ್ರೆ ಮಾತ್ರ ನಿನ್ನ ಸುಮ್ನೆ ಬಿಡಕಿಲ್ಲ, ಈ ಅಯ್ನೋರ ಮುಂದೇನೇ ಹೇಳ್ತೀನಿ" ಎಂದರು.

ಅಯ್ಯನವರು ಫಾರಂಗಳನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು. ಹರಿಯಲಿಲ್ಲ. "ಪ್ರತಿ ವಾರ ಬಂದು ನೋಡ್ತೀನಿ. ನಿನ್ನ ಹತ್ರ ಅಲ್ಲ, ಈ ತಾಯಿ ಹತ್ರ ಕೇಳ್ತೀನಿ" ಎಂದು ಇಂದ್ರಮ್ಮನವರಿಗೆ ಕೈ ಮುಗಿದು ಹೋದರು.

೪ ಆಗಸ್ಟ್, ಸೋಮವಾರ

ತಿಮೊಥಿಯನ್ನು ಇಂದ್ರಮ್ಮನವರ ಹತ್ತಿರ ಬಿಟ್ಟು, ಜೆಮಿಮಾಳನ್ನು ಸ್ಕೂಲಿಗೆ ನಾನೇ ಕರೆದುಕೊಂಡು ಹೋದೆ. ಆರು ವಾರ ಎಲ್ಲಿಗೆ ಹೋಗಿತ್ತು ಮಗು ಎಂದು ಹೆಡ್‌ಮೇಡಂ ಕೇಳಿದರು. ಊರಿಗೆ ಎಂದು ನಾಲಿಗೆಯ ತುದಿಗೆ ಬಂತು. ಜೆಮಿಮಾ ನನ್ನ ಮುಖ ನೋಡುತ್ತಿದ್ದಳು. ಮನೆಯಲ್ಲಿ ಕೂಡಿಹಾಕಿದ್ದೆ ಎಂದೆ. ಅವರು ಬೈದರು, ಚೆನ್ನಾಗಿಯೇ ಬೈದರು, ಆಮೇಲೆ ರಿಜಿಸ್ಟರಿನಲ್ಲಿ ಹೆಸರು ಮತ್ತೆ ಬರೆದರು. ಅಷ್ಟು ಹೊತ್ತಿಗೆ ಹತ್ತು ಗಂಟೆ. ಬಸವಲಿಂಗಪ್ಪನವರು ಮೆಮೊ ಬರೆದು ಇಟ್ಟಿರುತ್ತಾರೆ ಎಂದು ಗೊತ್ತಿತ್ತು, ಆಮೇಲೆ ಹೋದಾಗ ಇಟ್ಟೇ ಇದ್ದರು.

ಜೆಮಿಮಾ ನನ್ನ ಕೈ ಬಿಟ್ಟು ಒಳಗೆ ಹೋದಳು. ಒಂದು ಸಲವಾದರೂ ತಿರುಗಿ ನೋಡುತ್ತಾಳೆ ಎಂದು ಕಾರಿಡಾರಿನಲ್ಲಿ ನಿಂತೆ. ನೋಡಲಿಲ್ಲ. ಜಲಜಾಳ ಪಕ್ಕ ಜಾಗ ಮಾಡಿಕೊಂಡು ಕೂತು, ಅವಳ ಕಿವಿಯಲ್ಲಿ ಏನೋ ಹೇಳಿ ನಕ್ಕಳು.

ಮಗಳು ಹೇಳಿದ್ದು ನಿಜ. ನನಗೆ ಬಹಳ ಭಯವಾಯಿತು. ಸೈಕಲ್ ಹತ್ತಿ ಕೆಲಸಕ್ಕೆ ಹೋದೆ.